ಚಹಾ ಗಂಡಸು, ಬಸ್ಸು ಹೆಂಗಸು

ಸಾಂಗ್ಲಿಗೆ ಬಂದ ವರ್ಷ ಒಂದು ಸಂಜೆ ನನ್ನ ಮಗಳು ಶಾಲೆಯಿಂದ ಓಡಿ ಬಂದು, ಬೂಟು ಬಿಚ್ಚುವ ಮೊದಲೇ, "ಆಯಿ!" ಎಂದು ಕೂಗಿದಳು. ನಾನು ಗಡಬಡಿಸಿ ಬಾಗಿಲ ಕಡೆ ನೋಡಿದೆ, ನಮ್ಮವ್ವ ಹೇಳದೆ ಕೇಳದೆ ಗದಗಿನಿಂದ ಬಂದುಬಿಟ್ಟಳೇನೋ ಎಂದು. ನಮ್ಮ ಕಡೆ ಆಯಿ ಎಂದರೆ ಅಜ್ಜಿ. ಬಾಗಿಲಲ್ಲಿ ಯಾರೂ ಇರಲಿಲ್ಲ. ಶೈಲಾ ಕರೆದದ್ದು ನನ್ನನ್ನೇ. ಮರಾಠಿಯಲ್ಲಿ ಆಯಿ ಎಂದರೆ ತಾಯಿಯಂತೆ. ಬೆಳಿಗ್ಗೆ ಅವ್ವ ಆಗಿದ್ದವಳು ಸಂಜೆಗೆ ಅಜ್ಜಿಯಾಗಿದ್ದೆ.

ಅದು ಹೊಸ ಕಂಪನಿಗಳು ಬರುತ್ತಿದ್ದ ಕಾಲ. ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಪೈಪು ಹಾಕುವ ಒಂದು ಕಂಪನಿಯಲ್ಲಿ ನಮ್ಮವರಿಗೆ ಕೆಲಸ ಸಿಕ್ಕಿತ್ತು. ವಾರವೆಲ್ಲ ಅವರು ಮಾಲಗಾಂವದ ಆಚೆ ಈಚೆ ಮೋಟರ್ ಸೈಕಲ್ ಮೇಲೆ ತಿರುಗುತ್ತಿದ್ದರು. ನಾವು ವಿಶ್ರಾಮಬಾಗದಲ್ಲಿ ಒಂದು ಮಹಡಿ ಮನೆ ಹಿಡಿದೆವು. ಸುತ್ತಲೂ ಹೊಸ ಕಟ್ಟಡಗಳು ಏಳುತ್ತಿದ್ದವು, ಛಾವಣಿಯಿಂದ ಛಾವಣಿಗೆ ಕೇಬಲ್ ಟಿವಿಯ ಕರಿ ತಂತಿ ಜೋಲಾಡುತ್ತಿತ್ತು.

ಗದಗಿನಲ್ಲಿ ಬಾಗಿಲು ತೆರೆದರೆ ಯಾರಾದರೂ ಮಾತಾಡಿಸುತ್ತಿದ್ದರು. ಇಲ್ಲಿಯವರೂ ಒಳ್ಳೆಯವರೇ, ಮಾತಾಡಿಸುತ್ತಿದ್ದರು. ನನಗೇ ಉತ್ತರ ಬರುತ್ತಿರಲಿಲ್ಲ. ಬಾಯಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಎದುರಿನವರು ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಪುಂಡಿಪಲ್ಯೆ ಈ ಊರಲ್ಲಿ ಬೆಳೆಯುವುದೇ ಇಲ್ಲವೆಂದು ತಿಂಗಳುಗಟ್ಟಲೆ ನಂಬಿದ್ದೆ. ಒಂದು ದಿನ ಸಂತೆಯಲ್ಲಿ 'ಅಂಬಾಡಿ' ಎಂದು ಕೂಗುತ್ತಿದ್ದವಳ ಬುಟ್ಟಿಯಲ್ಲಿ ಅದೇ ಸೊಪ್ಪು ಕಂಡಿತು. ಆ ದಿನ ನಾನು ಗೆದ್ದವಳಂತೆ ಮನೆಗೆ ಬಂದೆ. ಆದರೆ ಆ ಗೆಲುವನ್ನು ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇರಲಿಲ್ಲ.

ಶೈಲಾಳಿಗೆ ಇಂಥ ಕಷ್ಟವೇ ಆಗಲಿಲ್ಲ. ಮಕ್ಕಳು ಭಾಷೆಯನ್ನು ಕಲಿಯುವುದಿಲ್ಲ, ಅಂಟಿಸಿಕೊಳ್ಳುತ್ತಾರೆ. ಮೊದಲು ಅವಳ ಚಮಚೆ 'ತ್ಸಮ್ತ್ಸಾ' ಆಯಿತು. ಆಮೇಲೆ 'ಕೊಡು' ಎಂಬುದು ಉದ್ದವಾಗಿ 'ಕೋಡು' ಆಯಿತು. ಮರಾಠಿಯಲ್ಲಿ ವಸ್ತುಗಳಿಗೂ ಗಂಡು ಹೆಣ್ಣೆಂಬ ಭೇದವಿದೆ. ಅಲ್ಲಿ ಬಸ್ಸು ಹೆಂಗಸು, ಚಹಾ ಗಂಡಸು. ಅವಳು ಕನ್ನಡದಲ್ಲೂ ಹಾಗೇ ಹೇಳುತ್ತಿದ್ದಳು: "ಬಸ್ ಬಂದ್ಳು." ನಾನು "ಬಂತು ಅನ್ನು" ಎಂದು ತಿದ್ದುತ್ತಿದ್ದೆ. ಅವಳು "ಬಂತು" ಎನ್ನುತ್ತಿದ್ದಳು, ಮರುದಿನ ಬಸ್ಸು ಮತ್ತೆ 'ಬಂದ್ಳು' ಆಗುತ್ತಿತ್ತು.

ಎರಡನೆಯ ಬೇಸಿಗೆ ರಜೆಗೆ ಗದಗಿಗೆ ಹೋದೆವು. ಪಡಸಾಲೆಯಲ್ಲಿ ಎಲ್ಲರೂ ಕುಳಿತಿದ್ದಾಗ ಶೈಲಾ ತನ್ನ ಸೋದರಮಾವನಿಗೆ, "ಮಾಮಾ, ಚಾ ತಣ್ಣಗಾಗ್ಯಾನ" ಎಂದಳು. ನನ್ನ ಅಣ್ಣನ ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು. "ಏ, ಚಾ ಎಲ್ಲಿ ಹೋಗ್ಯಾನ? ಚಾ ಊಟಾ ಮಾಡ್ಯಾನೇನ?" ಎಂದು ಅವಳ ಸುತ್ತ ಕುಣಿದರು. ಅದರಲ್ಲಿ ಕೆಡುಕೇನೂ ಇರಲಿಲ್ಲ. ಆದರೆ ಶೈಲಾ ಅಂದಿನಿಂದ ಕನ್ನಡ ಬಿಟ್ಟಳು. ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು, ಇಲ್ಲವೇ ತಲೆಯಾಡಿಸುತ್ತಿದ್ದಳು.

ಭಾನುವಾರ ಎಸ್‌ಟಿಡಿ ಬೂತಿನಿಂದ ಅವ್ವನಿಗೆ ಫೋನು ಮಾಡುತ್ತಿದ್ದೆವು. ರಿಸೀವರ್ ಶೈಲಾಳ ಕಿವಿಗೆ ಹಿಡಿದರೆ ಅವಳು ಸುಮ್ಮನೆ ತಲೆಯಾಡಿಸಿ ನನಗೇ ಮರಳಿಸುತ್ತಿದ್ದಳು. ಆ ಕಡೆಯಿಂದ ಅವ್ವ ಕೇಳುತ್ತಿದ್ದಳು, "ಯಾಕವ್ವಾ, ಕೂಸು ನನ್ನ ಮ್ಯಾಲೆ ಸಿಟ್ಟಾಗೇತೇನು?"

ಕೆಳಗಿನ ಮನೆಯ ಒಡತಿಯನ್ನು ನಾವು ಮಾವಶಿ ಎಂದು ಕರೆಯುತ್ತಿದ್ದೆವು, ಅಂದರೆ ಚಿಕ್ಕಮ್ಮ. ಮಾಲಗಾಂವದ ಜೈನ ಮನೆತನದ ವಯಸ್ಸಾದ ಹೆಂಗಸು. ನನ್ನೊಡನೆ ಮರಾಠಿಯನ್ನೇ ಆಡುತ್ತಿದ್ದರು. ಒಂದು ಮುಂಜಾನೆ ಕೆಳಗಿನಿಂದ ಕೂಗು ಕೇಳಿತು: "ಅಯ್ಯಯ್ಯ, ಹಾಲು ಉಕ್ಕಿ ಹೋತು!" ನಾನು ಮೆಟ್ಟಿಲಿಳಿದು ಓಡಿದೆ.

"ಮಾವಶಿ, ನೀವು ಕನ್ನಡದವರೇನ್ರಿ?"

ಅವರು ಒಲೆ ಒರೆಸುತ್ತ ನಾಚಿದರು. "ಮನಿಯಾಗ ಅಷ್ಟs ರಿ. ನಮ್ಮದು ಮೋಡಕಾ ತೋಡಕಾ ಕನ್ನಡ. ನಿಮ್ಮಂಗ ಚಂದ ಬರೂದಿಲ್ಲ. ಮಕ್ಕಳಿಗೆ ತಿಳೀತೇತಿ, ಆದ್ರ ಮಾತಾಡೂದಿಲ್ಲ."

ಮುರುಕು ಕನ್ನಡವೆಂದು ಅವರು ಹೇಳಿದ್ದನ್ನು ನಾನು ಬಾಯಾರಿದವಳಂತೆ ಕೇಳುತ್ತ ನಿಂತೆ.

ಮುಂದಿನ ಚಳಿಗಾಲದಲ್ಲಿ ಅವ್ವನ ಕಣ್ಣಿನ ಪೊರೆ ತೆಗೆಸಲು ಅಣ್ಣ ಅವಳನ್ನು ಮಿರಜಕ್ಕೆ ಕರೆತಂದ. ಅಲ್ಲಿಯ ಆಸ್ಪತ್ರೆಗಳಿಗೆ ನಮ್ಮ ಕಡೆಯವರು ಮೊದಲಿಂದಲೂ ಬರುತ್ತಾರೆ. ಓಣಿಯಂಥ ಆ ಉದ್ದ ವರಾಂಡದಲ್ಲಿ ಅಥಣಿ, ಜಮಖಂಡಿ, ವಿಜಾಪುರದ ಕನ್ನಡ ಗುಜುಗುಟ್ಟುತ್ತಿತ್ತು. ಚಹಾ ತರಲು ಹೋದ ನಾನು ಖಾಲಿ ಫ್ಲಾಸ್ಕ್ ಹಿಡಿದುಕೊಂಡು, ಯಾರದೋ ಮನೆಯ ಜಗಳದ ಸುದ್ದಿ ಕೇಳುತ್ತ, ಬೇಕಂತಲೇ ಅಲ್ಲಿ ತಡಮಾಡಿದೆ.

ಆಪರೇಷನ್ ಆದ ಮೇಲೆ ಅಣ್ಣ ಊರಿಗೆ ಮರಳಿದ, ಅವ್ವ ನಮ್ಮ ಮನೆಯಲ್ಲಿ ಉಳಿದಳು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಸುಕು. ಅವಳಿಗೆ ಬೆಳಕು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಶೈಲಾ ದೂರ ಕುಳಿತು ಅವಳನ್ನೇ ನೋಡುತ್ತಿದ್ದಳು. ಅವ್ವ ಏನಾದರೂ ಕೇಳಿದರೆ ಅಭ್ಯಾಸದಂತೆ ತಲೆಯಾಡಿಸುತ್ತಿದ್ದಳು. ಅದು ಅವ್ವನಿಗೆ ಕಾಣುವುದೆಲ್ಲಿಂದ? ಉತ್ತರಕ್ಕೆ ಕಾದು, ಅವ್ವ ಮುಖ ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಿದ್ದಳು.

ಮಧ್ಯಾಹ್ನ ಮಾವಶಿ ಮೇಲೆ ಬಂದು ಅವ್ವನ ಮಂಚದ ಬಳಿ ಕೂಡುತ್ತಿದ್ದರು. ಒಂದು ರಜೆಯ ದಿನ ಹೀಗೇ ಮಾತಾಡುತ್ತ, ಅವ್ವನ ಕಪ್ಪನ್ನು ಮುಟ್ಟಿ ನೋಡಿ ಅಂದರು:

"ಅಕ್ಕಾ, ಚಾ ತಣ್ಣಗಾಗ್ಯಾನ್ರಿ."

ಶೈಲಾ ಚಟ್ಟನೆ ತಲೆಯೆತ್ತಿದಳು. ಅವ್ವ ನಗಲಿಲ್ಲ. "ಇರ್ಲಿ ತಗೋರಿ, ನನಗ ಆರಿದ್ದs ಸೇರ್ತೇತಿ" ಎಂದು ಕಪ್ಪೆತ್ತಿ ಕುಡಿದಳು. ಶೈಲಾ ಒಮ್ಮೆ ಅವ್ವನನ್ನು, ಒಮ್ಮೆ ಮಾವಶಿಯನ್ನು ನೋಡುತ್ತಲೇ ಇದ್ದಳು.

ಮರುದಿನ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಗ ಹೊರಗೆ ಮೆಲ್ಲಗಿನ ದನಿ ಕೇಳಿತು.

"ಆಜಿ, ನೀರು ಕೋಡ್ಲಿ ಏನ?"

"ಬ್ಯಾಡವ್ವಾ, ಈಗ ಕುಡದೇನಿ," ಎಂದಳು ಅವ್ವ. ಆಮೇಲೆ ದನಿ ಬಂದ ಕಡೆ ಮುಖ ತಿರುಗಿಸಿ ಕೇಳಿದಳು, "ಯಾರವ್ವಾ ನೀ? ಮಾವಶಿಯವರ ಮೊಮ್ಮಗಳೇನು?"

ನಾನು ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದೆ. ಶೈಲಾ ನೀರಿನ ತಂಬಿಗೆ ಹಿಡಿದು ನಿಂತಿದ್ದಳು. ಮುಖ ಕೆಂಪಾಗಿತ್ತು. ಈಗ ಓಡಿಹೋಗುತ್ತಾಳೆ, ಇನ್ನೆಂದೂ ಬಾಯಿ ತೆರೆಯುವುದಿಲ್ಲ ಎಂದುಕೊಂಡೆ.

"ಅಲ್ಲ," ಎಂದಳು ಅವಳು. "ನಾ ನಿನ್ನಾಕಿ. ಶೈಲಾ."

ಅವ್ವ ಎರಡೂ ಕೈ ಚಾಚಿದಳು. ಮೊದಲು ತಂಬಿಗೆ ಸಿಕ್ಕಿತು, ಆಮೇಲೆ ಜಡೆ, ಕಿವಿ, ಗಲ್ಲ. "ಎಷ್ಟ ದಿವಸಾತು ನನ್ನವ್ವಾ ನಿನ್ನ ದನಿ ಕೇಳಿ. ಗುರುತs ಹತ್ತಲಿಲ್ಲ ನೋಡು. ಮಾತಾಡು, ಏನರೆ ಮಾತಾಡು."

ಶೈಲಾ ಮಾತಾಡಿದಳು. ಶಾಲೆ, ಗೆಳತಿಯರು, ಮಾಧವನಗರದಿಂದ ತಡವಾಗಿ 'ಬರ್ತಾಳ' ಎಂಬ ಬಸ್ಸು. ಮಾವಶಿಯ ರಾಗವೇ ಅವಳ ರಾಗ; ವಾಕ್ಯದ ತುದಿ ಹಾಗೇ ಮೇಲಕ್ಕೆ ಏಳುತ್ತಿತ್ತು. ಅವ್ವ ಹೂಂಗುಡುತ್ತಿದ್ದಳು. ನನಗೆ ಸಂತೋಷವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದರೊಳಗೇ ಒಂದು ಒಂಟಿತನವೂ ಇತ್ತು. ಅವಳ ಕನ್ನಡ ಮರಳಿ ಬಂದಿತ್ತು, ನನ್ನ ಕನ್ನಡವಾಗಿ ಅಲ್ಲ. ನಾನು ಜೋಗುಳದಲ್ಲಿ ಕೊಟ್ಟದ್ದು ಎಲ್ಲೋ ಸೋರಿಹೋಗಿ, ಈ ಊರು ಕೊಟ್ಟದ್ದು ಅವಳ ನಾಲಿಗೆಯ ಮೇಲೆ ಕುಳಿತಿತ್ತು.

ಪಟ್ಟಿ ಬಿಚ್ಚಿ, ಕನ್ನಡಕ ಬಂದ ಮೇಲೆ ಅವ್ವ ಹೊರಟಳು. ಕರೆದೊಯ್ಯಲು ಅಣ್ಣ ಬಂದಿದ್ದ. ಮಿರಜ ಸ್ಟೇಷನ್ನಿನಲ್ಲಿ ರೈಲಿನ ಕಿಟಕಿಯಿಂದ ಅವಳು ನನ್ನ ಕೈ ಹಿಡಿದು ಅಂದಳು, "ಆಕೀ ಮಾತು ತಿದ್ದಬ್ಯಾಡ. ತಿದ್ದಿದ್ರ ನಿಂತು ಹೊಕ್ಕೇತಿ. ಹೆಂಗರೆ ಮಾತಾಡ್ಲಿ, ನನಗ ತಿಳೀತೇತಿ." ರೈಲು ಬೆಳಗಾವಿಯ ದಿಕ್ಕಿಗೆ ಹೊರಟಿತು. ಅದರೊಳಗೆ ನನ್ನಂತೆ ಮಾತಾಡುವವರೆಲ್ಲ ಹೋಗುತ್ತಿದ್ದಾರೆ ಅನ್ನಿಸಿ, ಕೊನೆಯ ಡಬ್ಬಿ ಮರೆಯಾಗುವವರೆಗೆ ನಿಂತೆ.

ಮರಳುವಾಗ ಶೇರ್ ಆಟೋದಲ್ಲಿ ನಮ್ಮ ಪಕ್ಕ ಒಬ್ಬ ಹೆಂಗಸು ಕುಳಿತಿದ್ದಳು. ನಾವಿಬ್ಬರೂ ಕನ್ನಡದಲ್ಲಿ ಮಾತಾಡುವುದನ್ನು ಕೇಳಿ, ಯಾವ ಊರಿನವರೆಂದು ಮರಾಠಿಯಲ್ಲಿ ವಿಚಾರಿಸಿದಳು: "ತುಮ್ಹೀ ಕುಠಲ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಶೈಲಾ ಹೇಳಿದಳು, "ಆಮ್ಹೀ ಇಥಲ್ಯಾಚ." ನಾವು ಇಲ್ಲಿಯವರೇ.

ಹೆಂಗಸಿಗೆ ಅವಳ ಮಾತಿನಲ್ಲಿ ಸಂಶಯ ಬರಲಿಲ್ಲ, ಬರುವಂತೆಯೂ ಇರಲಿಲ್ಲ. ನನ್ನ ಕಡೆ ತಿರುಗಿ ನಕ್ಕು ಕೇಳಿದಳು, "ಆಣಿ ತುಮ್ಹೀ?" ಮತ್ತೆ ನೀವು?

"ಗದಗ," ಎಂದೆ.

ಶೈಲಾ ನನ್ನ ತೋಳಿಗೆ ಒರಗಿ ಹೊರಗೆ ನೋಡುತ್ತಿದ್ದಳು. ವಿಶ್ರಾಮಬಾಗ ಬಂದಾಗ ಇಬ್ಬರೂ ಒಟ್ಟಿಗೇ ಇಳಿದೆವು.