ಹಸಿದ ನಾಯಕಿಗೆ ಕುರುಗೋಡಿನ ರೊಟ್ಟಿ

ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಯೊಂದನ್ನು ನಾಟಕ ಮಾಡಿ ಕುರುಗೋಡಿನಲ್ಲಿ ಆಡಿಸಿದ್ದೆ. ಮೂಲದಿಂದ ಒಂದೆಳೆಯೂ ಆಚೀಚೆ ಆಗಬಾರದೆಂಬುದು ನನ್ನ ಹಟ. ಅನಾಥ ನಾಯಕಿ ಬಾಗಿಲು ಬಾಗಿಲು ತಟ್ಟುತ್ತಾಳೆ, ಯಾರೂ ತುತ್ತು ಕೊಡುವುದಿಲ್ಲ, ಕೊನೆಗೆ ಹಸಿವಿನಿಂದ ಕುಸಿಯುತ್ತಾಳೆ. ಇಡೀ ನಾಟಕ ನಿಂತಿದ್ದೇ ಆ ಕುಸಿತದ ಮೇಲೆ.

ನಮ್ಮ ಕಡೆ ನಾಟಕದ ನಡುವೆಯೇ ರಂಗ ಹತ್ತಿ ಪಾತ್ರಧಾರಿಗೆ ದುಡ್ಡೋ ಬಟ್ಟೆಯೋ ಕೊಟ್ಟು ಆಯೇರಿ ಮಾಡುವುದುಂಟು. ಕೊನೆಯ ಬಾಗಿಲೂ ಮುಚ್ಚಿದಾಗ ಅಜ್ಜಿಯೊಬ್ಬಳು ರೊಟ್ಟಿಗಂಟು ಹಿಡಿದು ಹಾಗೇ ಹತ್ತಿಬಂದಳು.

"ಇಳೀರಿ ಅಜ್ಜಿ! ಆಕಿ ಹಸಿದಿರಬೇಕು, ಕಥಿ ಹಂಗೈತಿ!" ಎಂದು ಪರದೆಯ ಮರೆಯಿಂದ ಗದರಿಸಿದೆ.

"ನಿನ್ನ ಕಥಿ ಸುಡ್ಲಿ! ಇಷ್ಟು ಮಂದಿ ಕುಂತೀವಿ, ಊರಿಗೆ ಬಂದ ಹುಡುಗಿ ಉಪಾಸ ಇರಬೇಕೇನು? ತಿನ್ನವ್ವ."

ಸಿರುಗುಪ್ಪದ ಬಸ್ಸಿಳಿದು ಏನೂ ತಿನ್ನದೆ ಬಣ್ಣ ಹಚ್ಚಿಕೊಂಡಿದ್ದ ನಟಿ ನನ್ನತ್ತ ನೋಡಲೇ ಇಲ್ಲ. ಕೂತು ತಿಂದಳು.

ಆಮೇಲೆ ಮೂಲದಲ್ಲಿದ್ದಂತೆಯೇ ಕುಸಿದಳು, ನಿಜ. ಬೀಳುವ ಮುಂಚೆ ಒಮ್ಮೆ ತೇಗಿದಳು, ಅಷ್ಟೇ.