ಬಸ್ಸಿನಲ್ಲಿ ಬೆಂದ ಎಲೆ

ಯಂತ್ರಗಳ ಬಗ್ಗೆ ನನಗೆ ಬಲವಾದ ಅಭಿಪ್ರಾಯಗಳಿದ್ದ ಕಾಲವೊಂದಿತ್ತು. ಯಂತ್ರಗಳ ಬಗ್ಗೆ ತಿಳುವಳಿಕೆ ಇರಲಿಲ್ಲ, ಆದರೆ ಅದರಿಂದ ಅಭಿಪ್ರಾಯಗಳಿಗೆ ಏನೂ ಅಡ್ಡಿಯಾಗಿರಲಿಲ್ಲ. ಮ್ಯಾಟ್ರಿಕ್ಕಿಗೆ ಎರಡು ಸಲ ಕೂತು ಎರಡು ಸಲವೂ ಎದ್ದು ಬಂದವನು ನಾನು. ಶಿಗ್ಗಾಂವಿಯಲ್ಲಿ ಬಸ್ಸಿನ ಟಿಕೀಟು ಕೊಡುವ ಏಜಂಟನ ಕೆಲಸ ಸಿಕ್ಕಿತ್ತು. ಒಂದು ಕಟ್ಟಿಗೆಯ ಪೆಟ್ಟಿಗೆ, ಒಂದು ಸೀಟಿ, ಕಿವಿಗೆ ಸಿಕ್ಕಿಸಿದ ಪೆನ್ಸಿಲ್ಲು. ಇಷ್ಟಿದ್ದರೆ ದೇಶ ಮುಂದೆ ಹೋಗುವುದು ನನ್ನಿಂದಲೇ ಎಂದು ನಾನು ನಂಬಿದ್ದೆ.

ಆಗ ಯುದ್ಧದ ಕಾಲ. ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಪೀಪಾಯಿ ಕೂಡಿಸಿ, ಅದರಲ್ಲಿ ಇದ್ದಲು ಸುಟ್ಟು, ಅದರ ಗ್ಯಾಸಿನಿಂದ ಎಂಜಿನ್ನು ಓಡಿಸುತ್ತಿದ್ದರು. ಓಡಿಸುತ್ತಿದ್ದರು ಎನ್ನುವುದು ನನ್ನ ಆಗಿನ ಮಾತು. ಈಗ ಹೇಳುವುದಾದರೆ, ಇಳಿಜಾರಿನಲ್ಲಿ ಬಸ್ಸು ನಮ್ಮನ್ನು ಒಯ್ಯುತ್ತಿತ್ತು, ಏರಿನಲ್ಲಿ ನಾವು ಬಸ್ಸನ್ನು ಒಯ್ಯುತ್ತಿದ್ದೆವು. ಪ್ಯಾಸೆಂಜರುಗಳು ಇಳಿದು ನೂಕುವಾಗ ನಾನು ಪಕ್ಕದಲ್ಲಿ ಸೀಟಿ ಊದುತ್ತ ನಡೆಯುತ್ತಿದ್ದೆ. ಸೀಟಿಯಿಂದಲೇ ಬಸ್ಸು ಏರು ಹತ್ತಿತು ಎಂದು ಒಳಗೊಳಗೇ ಹಿಗ್ಗುತ್ತಿದ್ದೆ.

ನಮ್ಮ ಮನೆ ಸವಣೂರಿನಲ್ಲಿ. ಅಜ್ಜನ ಕಾಲದಿಂದ ಎಲೆಬಳ್ಳಿಯ, ಅಂದರೆ ವೀಳ್ಯದೆಲೆಯ ತೋಟ. ವಾರಕ್ಕೊಮ್ಮೆ ಊರಿಗೆ ಹೋದಾಗ ಪಡಸಾಲೆಯಲ್ಲಿ ಕೂತು ಎಲ್ಲರಿಗೂ ಬುದ್ಧಿ ಹೇಳುತ್ತಿದ್ದೆ. ಚಕ್ಕಡಿ ಮಾರಿಬಿಡಿ, ಬೀಸುವ ಕಲ್ಲು ಅಂಗಳಕ್ಕೆ ಒಗೆಯಿರಿ, ಹಿಟ್ಟಿನ ಗಿರಣಿ ಬಂದಿದೆಯಲ್ಲ, ಹೆಂಗಸರಿಗೆ ಪುರುಸೊತ್ತು ಸಿಗುತ್ತದೆ ಎಂದು ಭಾಷಣ ಬಿಗಿಯುತ್ತಿದ್ದೆ. ಒಳಗಿನಿಂದ ಅಕ್ಕ ಮಾತ್ರ ಉತ್ತರ ಕೊಡುತ್ತಿದ್ದಳು.

"ಗಿರಣಿಗೆ ಜ್ವಾಳ ಹೊತಗೊಂಡು ಹೋಗಾಕ ಒಂದ ತಾಸು, ಪಾಳಿ ಹಚ್ಚಾಕ ಎರಡು ತಾಸು, ತಿರುಗಿ ಬರಾಕ ಮತ್ತೊಂದ ತಾಸು. ಮನ್ಯಾಗ ಬೀಸಿದ್ರ ಎರಡ ತಾಸಿನ್ಯಾಗ ಮುಗೀತದ. ಪುರುಸೊತ್ತು ಯಾರಿಗಪ್ಪಾ? ಗಿರಣಿಯವಗೇನು?"

ನಾನು ಇದಕ್ಕೆ ನಗುತ್ತಿದ್ದೆ. ಓದದವರ ಮಾತು ಎಂದು ಬಿಟ್ಟುಬಿಡುತ್ತಿದ್ದೆ. ಅಕ್ಕ ಓದದವಳು ನಿಜ, ಆದರೆ ತೋಟದ ಎಲೆ ಜೋಡಿಸುವುದರಲ್ಲಿ ಸುತ್ತಮುತ್ತ ಅವಳನ್ನು ಸರಿಗಟ್ಟುವವರಿರಲಿಲ್ಲ. ಒಂದೊಂದು ಎಲೆಯನ್ನೂ ಒರೆಸಿ, ಅಳತೆ ನೋಡಿ, ತೊಟ್ಟೆಲ್ಲ ಒಂದೇ ಕಡೆ ಬರುವಂತೆ ಕೂಡಿಸುತ್ತಿದ್ದಳು. ಅಷ್ಟು ಚೊಕ್ಕಟದ ಹುಡುಗಿಗೆ ವಯಸ್ಸು ಇಪ್ಪತ್ತು ದಾಟಿದರೂ ಮದುವೆ ಕೂಡಿಬಂದಿರಲಿಲ್ಲ. ಎರಡು ಸಂಬಂಧಗಳು ಮಾತಿನವರೆಗೆ ಬಂದು ಮುರಿದಿದ್ದವು. ಮೂರನೆಯದು ಹಿರೇಕೆರೂರಿನದು. ಇದೂ ತಪ್ಪಿದರೆ ಮುಂದೆ ಯಾರೂ ಕೇಳಿ ಬರುವುದಿಲ್ಲ ಎಂದು ಅವ್ವ ದೇವರ ಮುಂದೆ ಕೂತು ಅಳುತ್ತಿದ್ದಳು.

ನಮ್ಮಂಥ ಎಲೆಬಳ್ಳಿಯ ಮನೆತನದಲ್ಲಿ ಒಂದು ರೂಢಿ. ನಿಶ್ಚಯದ ದಿನ ಹೆಣ್ಣಿನ ತೋಟದ ಎಲೆಯನ್ನು ಗಂಡಿನ ಮನೆಗೆ ಒಯ್ಯಬೇಕು. ಆ ಮನೆಯಲ್ಲಿ ಎಲ್ಲರಿಗಿಂತ ಹಿರಿಯರು ಯಾರೋ ಅವರು ಮೊದಲ ಎಲೆ ಬಾಯಿಗೆ ಹಾಕಿಕೊಂಡು ಅಗಿಯಬೇಕು. ಅಗಿದರೆ ಮಾತು ಮುಗಿದಂತೆ, ಸಕ್ಕರೆ ಹಂಚುತ್ತಾರೆ. ಎಲೆ ಬಾಡಿದೆಯೆಂದು ಹಿರಿಯರು ಕೈ ಹಿಂದೆ ತೆಗೆದರೆ ಸಂಬಂಧ ಅಲ್ಲಿಗೇ ನಿಂತಿತು.

ಎಲೆಯನ್ನು ಹಿಂದಿನಿಂದಲೂ ಚಕ್ಕಡಿಯಲ್ಲೇ ಒಯ್ಯುತ್ತಿದ್ದರು. ಹಿಂದಿನ ದಿನವೇ ಹೊರಟು, ದಾರಿಯ ಕೆರೆಕೆರೆಗೂ ಇಳಿದು, ಬುಟ್ಟಿ ಬಿಚ್ಚಿ ಎಲೆ ತಿರುವಿ, ನೀರು ಚಿಮುಕಿಸಿ ಮತ್ತೆ ಕಟ್ಟುತ್ತಿದ್ದರು. ಈ ಸಲದ ಪಯಣದ ಮಾತು ನಡೆದಾಗ ನಾನು ಎದ್ದು ನಿಂತೆ.

"ನಿನ್ನಿ ಕೊಯ್ದ ಎಲಿ ಯಾಕ ಒಯ್ತೀರಿ? ನೀವೆಲ್ಲಾ ಚಕ್ಕಡ್ಯಾಗ ಮುಂದ ಹೋಗ್ರಿ. ನಾ ಮುಂಜಾನೆದ್ದು ಕೊಯ್ದ ಎಲಿ ಬಸ್ಸಿನ್ಯಾಗ ತರ್ತೇನಿ. ಹಂಗ ಇಬ್ಬನಿ ಸೈತ ಆರಿರಂಗಿಲ್ಲ!"

ಅಪ್ಪ ಬೆರಳು ಮಡಿಸಿ ಲೆಕ್ಕ ಹಾಕಿದರು. ಮುಂಜಾನೆ ಕೊಯ್ದದ್ದು ಮಧ್ಯಾಹ್ನ ಹಿರೇಕೆರೂರಿನಲ್ಲಿ! ನಮ್ಮ ವಂಶದಲ್ಲಿ ಯಾರೂ ಕಂಡಿರಲಿಲ್ಲ. ಅವರಿಗೂ ಆಸೆ ಹುಟ್ಟಿತು. ಆದರೂ ಚಕ್ಕಡಿ ಹೊರಡುವಾಗ ಒಂದು ಸಣ್ಣ ಕಟ್ಟು ಎಲೆಯನ್ನು ಹುಲ್ಲಿನ ಕೆಳಗೆ ಇಟ್ಟುಕೊಂಡಿದ್ದರು. ನಾನು ಅದನ್ನು ಹುಡುಕಿ ತೆಗೆದೆ. "ನನ್ನ ಮ್ಯಾಲೆ ನಂಬಿಕಿ ಇಲ್ಲಾಂದ್ರ ನಾ ಬರೂದ ಇಲ್ಲ" ಎಂದು ಮುಖ ಗಂಟಿಕ್ಕಿದೆ. ಅಪ್ಪ ನನ್ನನ್ನೊಮ್ಮೆ, ಕಟ್ಟನ್ನೊಮ್ಮೆ ನೋಡಿ ಎತ್ತು ಹೊಡೆದರು. ಇಂದಿಗೂ ಆ ಕಟ್ಟು ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸುತ್ತದೆ.

ಮರುದಿನ ಮುಂಜಾನೆ ಅಕ್ಕ ತಾನೇ ಎಲೆ ಕೊಯ್ದಳು. ಬುಟ್ಟಿಗೆ ಬಾಳೆಲೆ ಹಾಸಿ, ಸುತ್ತು ಸುತ್ತಾಗಿ ಜೋಡಿಸಿ, ಮೇಲೆ ಹಸಿ ಗೋಣಿತಟ್ಟು ಹೊಲಿದಳು. ಬುಟ್ಟಿ ನನ್ನ ಕೈಗೆ ಕೊಡುವಾಗ ಗೋಣಿಯ ಹೊಲಿಗೆಯನ್ನು ಮತ್ತೊಮ್ಮೆ ಎಳೆದು ನೋಡಿದಳು.

"ತಮ್ಮಾ, ಎಲಿಗೆ ಬಿಸಲು ತಾಗಬಾರದು, ಗಾಳಿ ತಾಗಬಾರದು. ಗೋಣಿ ಆರಾಕ ಬಿಡಬ್ಯಾಡ."

"ನಾ ಎಲಿಬಳ್ಳಿ ಮಗ ಅದೇನಿ. ನನಗ ಕಲಿಸಬ್ಯಾಡ" ಅಂದೆ.

ಬಸ್ಸಿನಲ್ಲಿ ಬುಟ್ಟಿಗೆ ಜಾಗ ಹುಡುಕಿದೆ. ಮೇಲೆ ಇಡೋಣವೆಂದರೆ ಬೇಸಿಗೆಯ ಬಿಸಿಲು. ಒಳಗಿಡೋಣವೆಂದರೆ ಮೆಣಸಿನಕಾಯಿ ಚೀಲ, ತೆರೆದ ಕಿಟಕಿಯ ಗಾಳಿ. ಕೊನೆಗೆ ಬಸ್ಸಿನ ಹಿಂದೆ ಹೋದೆ. ಇದ್ದಲಿನ ಪೀಪಾಯಿಗೂ ಬಸ್ಸಿನ ಬೆನ್ನಿಗೂ ನಡುವೆ ಒಂದು ಸಂದು. ಬಿಸಿಲಿಲ್ಲ, ಗಾಳಿಯಿಲ್ಲ, ತಂಪಾದ ನೆರಳು. ಪೀಪಾಯಿಗೆ ಇನ್ನೂ ಬೆಂಕಿ ಹಚ್ಚಿರಲಿಲ್ಲ. ಎಲೆಬಳ್ಳಿಯ ಮಗನ ಕಣ್ಣಿಗೆ ಅದು ನೆರಳಾಗಿ ಕಂಡಿತೇ ಹೊರತು ಒಲೆಯಾಗಿ ಕಾಣಲಿಲ್ಲ. ಬುಟ್ಟಿಯನ್ನು ಅಲ್ಲಿ ಹಗ್ಗದಿಂದ ಬಿಗಿದೆ. ಡ್ರೈವರು ಕೇಳಿದ, "ಅಲ್ಲಿ ಇಡಬೌದೇನ್ರಿ?" ನಾನು ಅವನಿಗೂ ಅದೇ ಉತ್ತರ ಕೊಟ್ಟೆ. ಎಲೆಯ ವಿಷಯ ಡ್ರೈವರುಗಳು ನನಗೆ ಹೇಳಬೇಕೆ?

ಬಂಕಾಪುರ ದಾಟುವುದರೊಳಗೆ ಮೂರು ಸಲ ನೂಕಿದೆವು. ಹಾನಗಲ್ಲಿನಲ್ಲಿ ಇದ್ದಲು ಹಸಿಯಾಗಿದೆ ಎಂದು ತಾಸುಗಟ್ಟಲೆ ನಿಂತೆವು. ನಿಂತಲ್ಲೆಲ್ಲ ನಾನು ಮರೆಯದೆ ತಂಬಿಗೆ ತುಂಬಿ ತಂದು ಗೋಣಿಯ ಮೇಲೆ ನೀರು ಹೊಯ್ದೆ. ಗೋಣಿ ಎಷ್ಟು ಬೇಗ ಆರುತ್ತಿತ್ತೆಂದರೆ ನನಗೇ ಆಶ್ಚರ್ಯ. ಇನ್ನಷ್ಟು ಹೊಯ್ದೆ. ಬುಟ್ಟಿಯಿಂದ ಹಬೆ ಎದ್ದಿತು. ಘಮ್ಮೆನ್ನುವ ವಾಸನೆ ಬಂತು. ಹತ್ತಿರ ನಿಂತ ಪ್ಯಾಸೆಂಜರ್ ಒಬ್ಬರು ಮೂಗು ಅರಳಿಸಿ, "ಏನು ಕುದಸಾಕತ್ತೀರಿ ಸಾಹೇಬ್ರ?" ಎಂದು ಕೇಳಿದರು. ನಮ್ಮ ಎಲೆಯ ಪರಿಮಳವೇ ಹಾಗೆ ಎಂದು ಹೆಮ್ಮೆಯಿಂದ ಹೇಳಿದೆ. ಅವ್ವ ಕಡುಬು ಬೇಯಿಸುವುದನ್ನು ಹುಟ್ಟಿದಾಗಿನಿಂದ ನೋಡಿದವನು ನಾನು. ಕೆಳಗೆ ಬೆಂಕಿ, ಮೇಲೆ ಹಸಿ ಬಟ್ಟೆ, ನಡುವೆ ಆವಿ. ತಲೆಗೆ ಹೊಳೆಯಬೇಕಲ್ಲ!

ಹಿರೇಕೆರೂರು ಮುಟ್ಟಿದಾಗ ಮಧ್ಯಾಹ್ನ ಇಳಿದಿತ್ತು. ಗಂಡಿನ ಮನೆಯ ಪಡಸಾಲೆಯಲ್ಲಿ ಎರಡೂ ಕಡೆಯ ಹಿರಿಯರು ಬೆಳಗಿನಿಂದ ಕಾಯುತ್ತ ಕೂತಿದ್ದರು. ನಾನು ಬುಟ್ಟಿಯನ್ನು ನಡುವೆ ಇಟ್ಟು, "ಇವತ್ತ ಮುಂಜಾನೆ ಕೊಯ್ದಿದ್ದು" ಎಂದು ಸಭೆಗೆ ಸಾರಿ ಗೋಣಿ ಬಿಚ್ಚಿದೆ.

ಎಲೆ ಕಪ್ಪಾಗಿತ್ತು. ಒಂದಕ್ಕೊಂದು ಅಂಟಿಕೊಂಡು, ಮೆತ್ತಗೆ, ಇನ್ನೂ ಹಬೆಯಾಡುತ್ತಿತ್ತು. ಅಪ್ಪನ ಮುಖ ನೋಡುವ ಧೈರ್ಯ ನನಗಾಗಲಿಲ್ಲ, ಅವರ ಕೈ ನೋಡಿದೆ. ಧೋತರದ ಅಂಚನ್ನು ಹಿಡಿದು ಹಿಂಡುತ್ತಿದ್ದರು. ಗಂಡಿನ ಸೋದರಮಾವ, "ಶುಭಕಾರ್ಯಕ್ಕ ಕರೀ ಎಲಿ ಅಂದ್ರ..." ಎಂದು ರಾಗ ಎಳೆದರು. ನನಗೆ ಸವಣೂರಿನ ಬಾಗಿಲಲ್ಲಿ ದಾರಿ ಕಾಯುತ್ತ ಕೂತ ಅಕ್ಕ ಕಣ್ಣಮುಂದೆ ಬಂದಳು.

ಆ ಮನೆಗೆ ಹಿರಿಯಳು ಗಂಡಿನ ಅಜ್ಜಿ. ಗೋಡೆಗೆ ಒರಗಿ ಕೂತಿದ್ದಳು. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಎಲೆ ಕುಟ್ಟಿಕೊಳ್ಳುವ ಪುಟ್ಟ ಕಬ್ಬಿಣದ ಒರಳು ಮಗ್ಗುಲಲ್ಲಿತ್ತು. ಬುಟ್ಟಿ ತನ್ನ ಹತ್ತಿರ ಎಳೆದುಕೊಂಡು ಬಗ್ಗಿ ಬಹಳ ಹೊತ್ತು ನೋಡಿದಳು. ಆಮೇಲೆ ಎರಡು ಎಲೆ ಬಿಡಿಸಿ, ಸುಣ್ಣ ಸವರಿ, ಅಡಿಕೆ ಪುಡಿ ಇಟ್ಟು ಬಾಯಿಗೆ ಹಾಕಿಕೊಂಡಳು. ವಸಡಿನಲ್ಲಿ ನುರಿದಳು. ನುಂಗಿದಳು.

"ದಿನಾ ಕುಟ್ಟಿ ಕುಟ್ಟಿ ನನ್ನ ರಟ್ಟಿ ಬಿದ್ದು ಹೋಗಿದ್ವು. ಈ ಹುಡುಗ ನೋಡ್ರಿ, ಹಲ್ಲಿಲ್ಲದಾಕಿ ಅಂತ ನೆನಪಿಟ್ಟು ಮೆತ್ತಗ ಮಾಡಿ ತಂದಾನ. ಮಾತು ಮುಗೀತು. ಸಕ್ಕರಿ ಹಂಚ್ರಿ" ಅಂದಳು.

ಸಭೆ ನಕ್ಕಿತು. ಸಕ್ಕರೆ ಹಂಚಿದರು. ಅಪ್ಪ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. ಆ ಬೇಸಿಗೆಯಲ್ಲೇ ಅಕ್ಕನ ಮದುವೆಯಾಯಿತು.

ಬೇರೆ ಯಾರಾದರೂ ಆಗಿದ್ದರೆ ಬದುಕಿದೆ ಎಂದು ಬಾಯಿ ಮುಚ್ಚಿಕೊಂಡಿರುತ್ತಿದ್ದರು. ನಾನು ಇದರಿಂದ ಒಂದು ಸಿದ್ಧಾಂತ ಕಟ್ಟಿದೆ. ಯಂತ್ರ ತಪ್ಪು ಮಾಡಿದರೂ ಯಾರಿಗಾದರೂ ಉಪಕಾರವೇ ಆಗುತ್ತದೆ, ಸಾಕ್ಷಿಗೆ ಹಿರೇಕೆರೂರಿನ ಅಜ್ಜಿ! ಮುದುಕರಿಗಾಗಿ ಬೇಯಿಸಿದ ಎಲೆಯ ವ್ಯಾಪಾರ ಸುರು ಮಾಡೋಣ ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಎದ್ದು ತೋಟಕ್ಕೆ ಹೋದರು. ಓಣಿಯ ಮುದುಕರೊಬ್ಬರಿಗೆ ಕಡುಬಿನ ಪಾತ್ರೆಯಲ್ಲಿ ಬೇಯಿಸಿ ಕೊಟ್ಟು ನೋಡಿದೆ. ಅವರು ಒಂದು ಸಲ ಅಗಿದು, ಅದನ್ನು ನನ್ನ ಕಾಲಬುಡಕ್ಕೇ ಉಗುಳಿ, ಬಡಿಗೆಗೆ ಕೈ ಹಾಕಿದರು. ಹಳೇ ಕಾಲದವರು, ಹೊಸದು ಹಿಡಿಸುವುದಿಲ್ಲ ಎಂದುಕೊಂಡೆ. ಶಿಗ್ಗಾಂವಿಯ ಬಸ್ ಸ್ಟ್ಯಾಂಡಿನಲ್ಲಿ, ಚಹದಂಗಡಿಯಲ್ಲಿ, ಹುಲಗೂರಿನ ಉರುಸಿಗೆ ಹೊರಟವರ ಮುಂದೆ, ಎಲ್ಲೆಲ್ಲಿ ನಾಲ್ಕು ಜನ ಕೂಡಿದರೋ ಅಲ್ಲೆಲ್ಲ ಅಜ್ಜಿಯ ಕತೆ ಹೇಳಿದೆ. ಕೆಲವು ವರ್ಷ ಹೀಗೇ ನಡೆಯಿತು.

ಸವಣೂರಿನ ನವಾಬರ ಸಂಸ್ಥಾನ ದೇಶದಲ್ಲಿ ಸೇರಿಹೋದ ವರ್ಷ ಹಿರೇಕೆರೂರಿನ ಅಜ್ಜಿ ತೀರಿಕೊಂಡಳು. ಆಗ ಬಸ್ಸುಗಳ ಬೆನ್ನಿನಿಂದ ಪೀಪಾಯಿ ಇಳಿದು, ಮತ್ತೆ ಪೆಟ್ರೋಲು ಬಂದಿತ್ತು. ದುಃಖದ ಮನೆಯವರನ್ನು ಮಾತಾಡಿಸಲು ಹಿರೇಕೆರೂರಿಗೆ ಹೋದೆ. ಅದೇ ಪಡಸಾಲೆಯಲ್ಲಿ ಕೂತವರಿಗೆ, ಸತ್ತವಳ ಗುಣ ಹೇಳುವ ನೆವದಲ್ಲಿ, ಬಸ್ಸಿನ ಗುಣ ಹೇಳಿದೆ. ಅಕ್ಕ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಜನ ಎದ್ದುಹೋದ ಮೇಲೆ ನನ್ನನ್ನು ಹಿತ್ತಲಿಗೆ ಕರೆದಳು.

"ತಮ್ಮಾ, ಇನ್ನ ಸಾಕು ಮಾಡು. ಅಜ್ಜಿ ತಾ ಇರೂತನ ಹೇಳಬ್ಯಾಡ ಅಂದಿದ್ಲು, ಅದಕ್ಕ ಸುಮ್ನಿದ್ದೆ. ಅವತ್ತ ನೀವೆಲ್ಲಾ ಊಟಕ್ಕ ಕುಂತಾಗ ಆಕಿ ಇಲ್ಲೇ ಬಂದು ವಾಂತಿ ಮಾಡಿಕೊಂಡ್ಲಂತ. ಎಲಿ ಇದ್ದಲಿನ ಹೊಗಿ ಕುಡದಿತ್ತಂತ. ಎರಡ ದಿನ ಬಾಯಿಗೆ ನೀರು ಸೈತ ಹಾಕ್ಲಿಲ್ಲಂತ."

ಹಾಗಾದರೆ ಯಾಕೆ ತಿಂದಳು ಎಂದು ಕೇಳಿದೆ.

"ನಾನೂ ಕೇಳಿದ್ದೆ. ಎಲಿ ಬೆಂದು ಕರ್ರಗಾಗಿದ್ರೂ ತೊಟ್ಟೆಲ್ಲಾ ಒಂದ ಕಡೆ ಇದ್ವಂತ. ಇಷ್ಟ ಚಂದ ಜೋಡಿಸಿದಾಕಿನ್ನ ಹೆಂಗ ಬಿಡ್ಲೆವ್ವಾ ಅಂದ್ಲು. ನಿನಗ ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡ್ಲು. ಆ ಹುಡುಗಗ ಬಸ್ಸಿನ ಮ್ಯಾಲೆ ಭಾಳ ಪ್ರೀತಿ ಅದ, ಪಾಪ, ನೊಂದಕೊಳ್ತಾನ ಅಂದ್ಲು."

ನಾನು ಹಿತ್ತಲ ಕಲ್ಲಿನ ಮೇಲೆ ಕೂತು ಅತ್ತೆ. ಅಷ್ಟು ವರ್ಷ ಊರೂರಲ್ಲಿ ಬಸ್ಸಿಗೆ ಕೊಟ್ಟ ಹೊಗಳಿಕೆಯೆಲ್ಲ ನನ್ನಕ್ಕನ ಬೆರಳಿಗೆ ಸೇರಬೇಕಾದದ್ದು. ಅಕ್ಕ ಬಯ್ಯಲಿಲ್ಲ. ಹೊರಡುವಾಗ ಅಜ್ಜಿಯ ಒರಳನ್ನು ನನ್ನ ಚೀಲಕ್ಕೆ ಹಾಕಿ, ನಿನಗೂ ಒಂದಿನ ಹಲ್ಲು ಹೋಗ್ತಾವು ಎಂದಳು.

ಹೋಗಿವೆ. ಈಗ ದಿನಾ ಊಟವಾದ ಮೇಲೆ ಆ ಒರಳಿನಲ್ಲೇ ಎಲೆ ಕುಟ್ಟಿಕೊಳ್ಳುತ್ತೇನೆ, ರಟ್ಟೆ ನೋಯುತ್ತದೆ. ಮೊಮ್ಮಕ್ಕಳು ಬೇಯಿಸಿ ಕೊಡಲೇ ಎಂದು ಚೇಷ್ಟೆ ಮಾಡುತ್ತಾರೆ. ಬೆಂದ ಎಲೆಯನ್ನು ಇಷ್ಟು ವರ್ಷದಲ್ಲಿ ನಾನು ಒಂದು ಸಲವೂ ಬಾಯಿಗೆ ಹಾಕಿ ನೋಡಿಲ್ಲ. ಅಜ್ಜಿ ಎರಡು ಎಲೆ ನುಂಗಿದ್ದಳು.