ಯಾರ ಬೀಗವೋ ಅವರೇ

ನನ್ನ ಅಕ್ಕನ ಮಗಳಿಗೆ ಚಿಲಕ ಎಂದು ಅಡ್ಡಹೆಸರಿಟ್ಟವನು ನಾನೇ. ವಿದ್ಯುತ್ ಸ್ಥಾವರದಲ್ಲಿ ಅಪ್ರೆಂಟಿಸ್ ಆಗಿ ಸೇರಿದ ದಿನ ಅವಳಿಗೆ ಹೆಲ್ಮೆಟ್ಟು, ಬೂಟಿನ ಜೊತೆ ಒಂದು ಕೆಂಪು ಬೀಗ ಕೊಟ್ಟರು. ಯಂತ್ರ ಬಿಚ್ಚುವ ಮುಂಚೆ ಅದರ ಕರೆಂಟು ತೆಗೆದು, ಸ್ವಿಚ್ಚಿಗೆ ಅವರವರ ಬೀಗ ಹಾಕಬೇಕು. ಯಾರ ಬೀಗವೋ ಅವರೇ ತೆಗೆಯಬೇಕು. ಒಳಗೆ ಒಬ್ಬರು ಕೈ ಇಟ್ಟಿರುವಾಗ ಹೊರಗೆ ಇನ್ಯಾರೋ ಪುಣ್ಯಾತ್ಮ ಸ್ವಿಚ್ಚು ಒತ್ತಬಾರದಲ್ಲ.

ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಎಂಬಂತೆ ಹುಡುಗಿ ಮನೆಯಲ್ಲೂ ಶುರುಮಾಡಿದಳು. ಮಿಕ್ಸಿ ತೊಳೆಯುವಾಗ ಪ್ಲಗ್ಗಿಗೆ ಬೀಗ. ಬಿಸ್ಕತ್ತಿನ ಡಬ್ಬಿಗೂ ಬೀಗ. ಅದಕ್ಕೆ ಕಾರಣ ನಾನು. ನಾನು ಸ್ಕ್ರೂಡ್ರೈವರಿನಿಂದ ಮೀಟುತ್ತಿದ್ದೆ, ಅವಳು ಹೊಸದು ತರುತ್ತಿದ್ದಳು.

ವಾರವೆಲ್ಲ ಸ್ಥಾವರ, ಶನಿವಾರ ಪಾಲಿಟೆಕ್ನಿಕ್ಕು. ಉಷ್ಣಶಾಸ್ತ್ರ ಅವಳಿಗೆ ಕಬ್ಬಿಣದ ಕಡಲೆ. ಒಮ್ಮೆ ಡುಮ್ಕಿ ಹೊಡೆದಿದ್ದಳು. ಮತ್ತೊಮ್ಮೆ ಹೊಡೆದರೆ ಕೆಲಸವೂ ಹೋಗುತ್ತಿತ್ತು. ಆ ಮರುಪರೀಕ್ಷೆಯ ಬೆಳಿಗ್ಗೆಯೇ ಫೋರ್‌ಮನ್ ನನಗೆ ಫೋನು ಮಾಡಿದರು. ಬಾಯ್ಲರಿಗೆ ನೀರು ಕೊಡುವ ಪಂಪು ರಿಪೇರಿಯಾಗಿದೆ, ಎಲ್ಲರ ಬೀಗವೂ ತೆಗೆದಾಗಿದೆ, ಒಂದು ಬಿಟ್ಟು. ಹಿಂದಿನ ಸಂಜೆ ನಮ್ಮ ಚಿಲಕ ಸೂತ್ರ ಉರುಹೊಡೆಯುತ್ತಾ, ಬೀಗ ತೆಗೆಯದೆ ಹಾಗೇ ಮನೆಗೆ ಬಂದುಬಿಟ್ಟಿದ್ದಳು.

ಸ್ಕೂಟರು ಹತ್ತಿ ಪರೀಕ್ಷಾ ಕೊಠಡಿಗೆ ಹೋದೆ. ಮೇಲ್ವಿಚಾರಕರು ನನ್ನನ್ನು ಕಾಪಿ ಚೀಟಿ ತಂದವನಂತೆ ನೋಡಿದರು. ಹೊರಗೆ ಬಂದವಳನ್ನು ಮತ್ತೆ ಒಳಗೆ ಬಿಡುವುದಿಲ್ಲ ಎಂದರು. ಗೋಗರೆದ ಮೇಲೆ ಅವಳ ಕೊರಳಲ್ಲಿದ್ದ ಕೀಲಿಯನ್ನು ತಾವೇ ತಂದುಕೊಟ್ಟರು. ಕಿಟಕಿಯಲ್ಲಿ ಅವಳ ಮುಖ ಬಿಳಿಚಿಕೊಂಡದ್ದು ಕಂಡು, ನೀನು ಬರಿ ಎಂದು ಕೈಸನ್ನೆ ಮಾಡಿ ಹೊರಟೆ.

ಸ್ಥಾವರದಲ್ಲಿ ಕೀಲಿಯನ್ನು ಗೆದ್ದ ಕಪ್ಪಿನ ಹಾಗೆ ಎತ್ತಿಹಿಡಿದೆ. ಫೋರ್‌ಮನ್ ಬೀಗಕ್ಕೆ ನೇತುಹಾಕಿದ್ದ ಚೀಟಿ ತೋರಿಸಿದರು. ‘ನಾನು ಒಳಗಿದ್ದೇನೆ, ಚಾಲೂ ಮಾಡಬೇಡಿ’ ಎಂಬ ಬರಹ, ಪಕ್ಕದಲ್ಲಿ ಕಣ್ಣಿನವರೆಗೆ ಹೆಲ್ಮೆಟ್ಟು ಇಳಿದ ಅವಳ ಫೋಟೋ.

"ಇದು ನೀವಲ್ವಲ್ಲ," ಎಂದರು.

"ಅವಳು ಒಳಗಿಲ್ಲ ಸ್ವಾಮಿ, ಪರೀಕ್ಷೆ ಬರೀತಿದಾಳೆ. ಈಗಷ್ಟೇ ನೋಡ್ಕೊಂಡು ಬಂದೆ."

ಅವರು ಜಗ್ಗಲಿಲ್ಲ. ಹೆಲ್ಮೆಟ್ಟು ಕೊಟ್ಟು ಕೂರಿಸಿದರು. ಅದು ನನ್ನ ತಲೆಗೆ ಇಳಿಯದೆ ಮೇಲೇ ಕೂತಿತು. ನಾನು ಇಂಗು ತಿಂದ ಮಂಗನಂತೆ ಬೆಂಚಿನ ಮೇಲೆ ಕೂತೆ. ಫಿಟ್ಟರುಗಳು ಟೀ ಕುಡಿದರು, ಮತ್ತೆ ಕುಡಿದರು. ದೊಡ್ಡ ಮ್ಯಾನೇಜರು ಬಂದು ಬೀಗವನ್ನು ದುರುಗುಟ್ಟಿ ನೋಡಿದರು, ಫೋರ್‌ಮನ್ನನ್ನು ನೋಡಿದರು, ಕಡೆಗೆ ಅವರೂ ಟೀ ಕೇಳಿದರು.

ಮಧ್ಯಾಹ್ನ ಚಿಲಕ ಓಡಿಬಂದಳು, ಬೆರಳೆಲ್ಲ ಇಂಕು. ಬೀಗ ತೆಗೆದಳು, ಪಂಪು ಗುಂಯ್‌ಗುಟ್ಟಿತು. ಆಮೇಲೆ ಫೋರ್‌ಮನ್ ಮುಂದೆ ತಲೆ ತಗ್ಗಿಸಿ ನಿಂತು, ತನ್ನನ್ನು ಕೆಲಸದಿಂದ ತೆಗೀತೀರಾ ಎಂದು ಕೇಳಿದಳು.

"ಬೀಗ ಹಾಕೋದು ಮರೆತಿದ್ರೆ ಇವತ್ತೇ ಕಳಿಸ್ತಿದ್ದೆ," ಎಂದರು ಅವರು. "ನೀನು ಮರೆತಿದ್ದು ತೆಗೆಯೋದು. ನಿನ್ನ ಬೀಗ ಇರೋವರೆಗೂ ನಮ್ಮ ಲೆಕ್ಕದಲ್ಲಿ ನೀನು ಒಳಗೇ ಇರ್ತೀಯ. ಕಾಯ್ತೀವಿ."

ಅವಳು ಅತ್ತಳು. ನನಗೂ ಕಣ್ಣು ಮಂಜಾಯಿತು. ಹೆಲ್ಮೆಟ್ಟು ಒತ್ತುತ್ತಿದೆ ಎಂದೆ. ಪರೀಕ್ಷೆಯಲ್ಲಿ ಹೇಗೋ ದಡ ಸೇರಿದಳು, ಅದು ಆಮೇಲಿನ ಮಾತು.

ಅಂದು ಸಂಜೆ ಬಿಸ್ಕತ್ತಿನ ಡಬ್ಬಿಗೆ ಎಂದಿನಂತೆ ಬೀಗವಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಸ್ಕ್ರೂಡ್ರೈವರು ಕೈಗೆಟುಕುವಲ್ಲೇ ಇತ್ತು, ಹಸಿವೂ ಚೆನ್ನಾಗಿಯೇ ಇತ್ತು. ಡಬ್ಬಿಯನ್ನು ಎದುರಿಗಿಟ್ಟುಕೊಂಡು, ಅವಳು ಸ್ನಾನ ಮುಗಿಸಿ ಬರುವವರೆಗೂ ಕಾದೆ.